ನ್ಯಾಯಾಧೀಶೆ ಆಗಬೇಕು, ಆದರೆ ಆ ಮೂರು ವರ್ಷ ಏನು ಮಾಡಲಿ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ವಯಸ್ಸು 23. ಅಪ್ಪ ರೈತರು. ನಮ್ಮ ಮನೆಯಲ್ಲಿ ಕೋರ್ಟಿನ ಬಗ್ಗೆ ಗೊತ್ತಿರುವವರು ಯಾರೂ ಇಲ್ಲ. ಸಿವಿಲ್ ನ್ಯಾಯಾಧೀಶೆ ಆಗಬೇಕು ಅನ್ನೋದು ಪಿಯುಸಿಯಿಂದ ಇರುವ ಆಸೆ. ಈಗ ಮೂರು ವರ್ಷ ವಕೀಲಿಕೆ ಕಡ್ಡಾಯ ಎಂದಾಗಿದೆ. "ಮೂರು ವರ್ಷ ಸುಮ್ನೆ ಹಾಳಾಗುತ್ತೆ, ಬ್ಯಾಂಕ್ ಪರೀಕ್ಷೆ ಬರಿ" ಅಂತ ಮನೆಯಲ್ಲಿ ಹೇಳುತ್ತಾರೆ. ತಾಲ್ಲೂಕು ಕೋರ್ಟಿನಿಂದ ಶುರು ಮಾಡಿದವರು ಎಲ್ಲಿಯವರೆಗೆ ಹೋಗಬಹುದು? ಆ ಬದುಕು ನಿಜವಾಗಿ ಹೇಗಿರುತ್ತೆ ಸರ್?

ಉತ್ತರ (ನಿವೃತ್ತ ಜಿಲ್ಲಾ ನ್ಯಾಯಾಧೀಶರಿಂದ):

ನೋಡಮ್ಮ, ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಇರಬೇಕು.

ಮೂರು ವರ್ಷದ ಈ ನಿಯಮ ನಿಮ್ಮ ಬ್ಯಾಚಿಗೆ ಅಂತ ಹೊಸದಾಗಿ ಮಾಡಿದ್ದಲ್ಲ. 1993ರಲ್ಲೇ ಸುಪ್ರೀಂ ಕೋರ್ಟ್, ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ, ಕೆಳಹಂತದ ನ್ಯಾಯಾಧೀಶರಾಗಲು ಮೂರು ವರ್ಷದ ವಕೀಲಿಕೆ ಬೇಕು ಎಂದಿತ್ತು. ಆಮೇಲೆ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಬಂತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಸುಪ್ರೀಂ ಕೋರ್ಟಿಗೆ ಹೋಗುವ ಮೊದಲು ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ಇದ್ದವರು. ಬುದ್ಧಿವಂತ ಹುಡುಗರು ಕಾಯುವುದಿಲ್ಲ, ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ, ಹೊಸ ಪದವೀಧರರನ್ನೇ ತೆಗೆದುಕೊಂಡು ಒಳ್ಳೆಯ ತರಬೇತಿ ಕೊಡೋಣ ಎಂಬ ಯೋಚನೆ ಆಗ ಬಂತು. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಷರತ್ತು ತೆಗೆಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಾಗೇ ನಡೆಯಿತು. 2025ರ ಮೇ 20ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಮೂರು ವರ್ಷವನ್ನು ಮತ್ತೆ ತಂದಿತು. ಕೋರ್ಟ್ ನೋಡದೆ ಪುಸ್ತಕದಿಂದ ನೇರವಾಗಿ ಪೀಠಕ್ಕೆ ಬಂದವರಿಂದ ತೊಂದರೆ ಆಗುತ್ತಿದೆ ಎಂದು ಹಲವು ಹೈಕೋರ್ಟುಗಳೇ ಹೇಳಿದ್ದವು.

ನಾನು ಆರು ವರ್ಷ ವಕೀಲಿಕೆ ಮಾಡಿ ಸೇವೆಗೆ ಸೇರಿದವನು. ಸಿವಿಲ್ ನ್ಯಾಯಾಧೀಶರನ್ನು ಆಗ ಮುನ್ಸಿಫ್ ಅನ್ನುತ್ತಿದ್ದರು. ಹಳ್ಳಿಯ ಹಿರಿಯರು ಈಗಲೂ ಮುನ್ಸಿಫ್ ಕೋರ್ಟ್ ಅಂತಲೇ ಹೇಳುತ್ತಾರೆ, ಅಲ್ವಾ? ಜಿಲ್ಲಾ ನ್ಯಾಯಾಧೀಶನಾಗಿದ್ದಾಗ ನನ್ನ ಕೈಕೆಳಗೆ ಕಾಲೇಜಿನಿಂದ ನೇರವಾಗಿ ಬಂದ ಕಿರಿಯರೂ ಕೆಲಸ ಮಾಡಿದ್ದಾರೆ. ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಕಾನೂನು ಓದಿಕೊಂಡಿದ್ದರು. ಕಷ್ಟ ಆಗುತ್ತಿದ್ದದ್ದು ಬೇರೆ ಕಡೆ. ವಕೀಲರು ಯಾವಾಗ ನಿಜವಾದ ಕಷ್ಟಕ್ಕೆ ವಾಯಿದೆ ಕೇಳುತ್ತಾರೆ, ಯಾವಾಗ ಕೇಸು ಎಳೆಯಲು ಕೇಳುತ್ತಾರೆ ಅನ್ನೋದು ಅವರಿಗೆ ತಿಳಿಯುತ್ತಿರಲಿಲ್ಲ. ಎಲ್ಲರಿಗೂ ಕೊಟ್ಟುಬಿಡುತ್ತಿದ್ದರು, ಇಲ್ಲ ಎಲ್ಲರ ಮೇಲೂ ರೇಗುತ್ತಿದ್ದರು. ಬಾಗಿಲ ಹೊರಗೆ ಬೆಂಚಿನ ಮೇಲೆ ಬೆಳಗ್ಗೆಯಿಂದ ಕೂತ ಕಕ್ಷಿದಾರ ಬಸ್ ಚಾರ್ಜಿಗೆ ಯಾರ ಹತ್ತಿರ ಸಾಲ ಮಾಡಿ ಬಂದಿದ್ದಾನೆ ಅನ್ನೋದು ಪೀಠದ ಮೇಲಿಂದ ಕಾಣುವುದಿಲ್ಲ. ಆ ಬೆಂಚಿನ ಪಕ್ಕ ನಿಂತು "ಇವತ್ತು ನಮ್ದು ಕೂಗಲ್ವಾ ಮೇಡಂ?" ಅಂತ ಕೇಳಿಸಿಕೊಂಡವರಿಗೆ ಅದು ಮರೆಯುವುದಿಲ್ಲ. ಹಾಗಾಗಿ ಆ ಮೂರು ವರ್ಷ ಹಾಳಾಗುತ್ತೆ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ಮಾತು ನಿಜ. ರೈತರ ಮನೆಯ ಹುಡುಗಿಗೆ ಆ ಮೂರು ವರ್ಷ ದುಡ್ಡಿನ ಕಷ್ಟ ಇರುತ್ತೆ. ಜೂನಿಯರ್‌ಗಳಿಗೆ ಸಿಗುವ ಹಣದಲ್ಲಿ ರೂಮಿನ ಬಾಡಿಗೆ ಕಟ್ಟುವುದೇ ಕಷ್ಟ. ಮನೆಯವರ ಜೊತೆ ಮಾತಾಡುವಾಗ ಇದನ್ನು ಮುಚ್ಚಿಡಬೇಡಿ. ಮೂರು ವರ್ಷಕ್ಕೆ ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕಿ ಅವರ ಮುಂದಿಡಿ.

ಈಗ ಆ ಮೂರು ವರ್ಷದ ಲೆಕ್ಕ ಎಲ್ಲಿಂದ ಅಂತ ಹೇಳುತ್ತೇನೆ. ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಆದ ದಿನದಿಂದಲೇ ಅದು ಶುರು. ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗುವ ತನಕ ಕಾಯಬೇಕಿಲ್ಲ. ಆದ್ದರಿಂದ ಫಲಿತಾಂಶ ಬಂದ ತಕ್ಷಣ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸಿ. ನೋಂದಣಿ ಒಂದೊಂದು ತಿಂಗಳು ತಡವಾದರೂ ನಿಮ್ಮ ಅರ್ಜಿ ಅಷ್ಟೇ ಮುಂದಕ್ಕೆ ಹೋಗುತ್ತೆ. ಹತ್ತು ವರ್ಷ ಅನುಭವ ಇರುವ ವಕೀಲರು ನಿಮಗೆ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಜಿಲ್ಲೆಯ ಅಥವಾ ಆ ಊರಿನ ಕೋರ್ಟಿನ ಪ್ರಧಾನ ನ್ಯಾಯಾಧೀಶರ ದೃಢೀಕರಣ ಇರಬೇಕು. ನ್ಯಾಯಮೂರ್ತಿಗಳ ಹತ್ತಿರ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಲೆಕ್ಕಕ್ಕೆ ಬರುತ್ತೆ. ನನ್ನ ಸಲಹೆ ಇಷ್ಟು: ಮೊದಲ ದಿನದಿಂದ ಒಂದು ಡೈರಿ ಇಡಿ. ಯಾವ ಕೋರ್ಟು, ಯಾವ ಕೇಸ್ ನಂಬರು, ಅವತ್ತು ನೀವು ಏನು ಮಾಡಿದಿರಿ ಅಂತ ಎರಡು ಸಾಲು ಬರೆಯಿರಿ. ವಕಾಲತ್ತಿನಲ್ಲಿ ಸೀನಿಯರ್ ಹೆಸರಿನ ಜೊತೆ ನಿಮ್ಮ ಹೆಸರೂ ಇರುವಂತೆ ಕೇಳಿಕೊಳ್ಳಿ. ನಾಳೆ ಪ್ರಮಾಣಪತ್ರ ಕೊಡುವವರಿಗೂ ಧೈರ್ಯ, ನಿಮಗೂ ಧೈರ್ಯ.

ಯಾರ ಹತ್ತಿರ ಸೇರಬೇಕು? ದೊಡ್ಡ ಹೆಸರಿನ ಆಫೀಸ್ ಹುಡುಕಬೇಡಿ. ವಿಚಾರಣೆ ನಡೆಸುವವರನ್ನು ಹುಡುಕಿ. ಬೆಳಗ್ಗೆ ಆಸ್ತಿ ವಿಭಾಗದ ದಾವೆಯಲ್ಲಿ ಪಾಟೀಸವಾಲು ಮಾಡಿ, ಮಧ್ಯಾಹ್ನ ಜಾಮೀನು ಅರ್ಜಿ ಹಿಡಿದು ಓಡುವ ಒಬ್ಬ ಜಿಲ್ಲೆಯ ವಕೀಲರ ಹತ್ತಿರ ಕಲಿಯುವುದು ಬೇರೆ ಕಡೆ ಸಿಗುವುದಿಲ್ಲ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನೋದಕ್ಕೆ ಒಂದು ಘಟನೆ ಹೇಳುತ್ತೇನೆ.

ನಾನು ಪೀಠಕ್ಕೆ ಬಂದ ಎರಡನೇ ವರ್ಷ. ಮಲೆನಾಡಿನ ಒಂದು ತಾಲ್ಲೂಕು. ಎರಡು ಎಕರೆ ಗದ್ದೆಯ ದಾವೆ. ಎಪ್ಪತ್ತು ದಾಟಿದ ಅಜ್ಜಿ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದರು. ಎದುರು ವಕೀಲರು ಚುರುಕು ಮನುಷ್ಯ. ಒಂದರ ಹಿಂದೆ ಒಂದು ಪ್ರಶ್ನೆ. "ನಿಮ್ಮ ಯಜಮಾನರು ಗದ್ದೆ ಮಾರಿದರು." ಅಜ್ಜಿ, "ಹೂಂ." "ಆ ದುಡ್ಡಲ್ಲಿ ಮಗಳ ಮದುವೆ ಮಾಡಿದಿರಿ." "ಹೂಂ." "ಆಗ ನೀವು ತಕರಾರು ಮಾಡಲಿಲ್ಲ." "ಹೂಂ." ನಾನು ಸ್ಟೆನೋಗೆ ಹೇಳಿ ಬರೆಸುತ್ತಿದ್ದೆ: ನನ್ನ ಗಂಡ ಗದ್ದೆ ಮಾರಿದ್ದಾರೆ ಎಂದರೆ ಸರಿ, ಆ ಹಣದಲ್ಲಿ ಮಗಳ ಮದುವೆ ಮಾಡಿದೆವು ಎಂದರೆ ಸರಿ, ನಾನು ತಕರಾರು ಮಾಡಿಲ್ಲ ಎಂದರೆ ಸರಿ. ಕೊನೆಯಲ್ಲಿ ಹೇಳಿಕೆ ಓದಿ ಹೇಳುವಾಗ ಅಜ್ಜಿ ಕಟಕಟೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅಯ್ಯೋ ಸ್ವಾಮಿ, ಹಂಗೆಲ್ಲಿ ಅಂದೆ? ಅವರು ಹೇಳ್ತಿದ್ರು, ಹೂಂ ಅಂತ ಕೇಳಿಸ್ಕೊಂಡೆ. ಹೌದು ಅಂತ ಎಲ್ಲಿ ಅಂದೆ?"

ಒಂದು ಕ್ಷಣ ಕೋರ್ಟ್ ಹಾಲ್ ಪೂರ್ತಿ ಸುಮ್ಮನಾಯಿತು. ನನ್ನ ಅಜ್ಜಿಯೂ ಹಾಗೇ. ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಕಥೆ ನಿಲ್ಲಿಸುತ್ತಿದ್ದಳು. ಹೂಂ ಅಂದರೆ ಕೇಳ್ತಾ ಇದ್ದೀನಿ ಅಂತ. ಇದು ಗೊತ್ತಿರದ ಕನ್ನಡಿಗರು ಯಾರಿದ್ದಾರೆ? ಆದರೂ ಪೀಠದ ಮೇಲೆ ಕೂತಾಗ ನನಗೆ ಹೊಳೆಯಲಿಲ್ಲ. ಎರಡೂ ಕಡೆಯ ವಕೀಲರ ಎದುರೇ ಆ ಮೂರು ಪ್ರಶ್ನೆಗಳನ್ನು ನಾನೇ ನಿಧಾನವಾಗಿ ಮತ್ತೆ ಕೇಳಿದೆ. "ಅಜ್ಜಿ, ಇದು ನಡೆದದ್ದು ಹೌದಾ, ಅಲ್ವಾ?" ಎರಡಕ್ಕೆ ಅಲ್ಲ ಅಂದರು. ಒಂದಕ್ಕೆ ಹೌದು ಅಂದರು. ಆ ಉತ್ತರಗಳನ್ನು ಅವರ ಮಾತಿನಲ್ಲೇ ಬರೆಸಿದೆ. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಬಿಟ್ಟಿದ್ದರೆ ಆ ಗದ್ದೆಯ ಕಥೆ ಅವತ್ತೇ ಮುಗಿಯುತ್ತಿತ್ತು.

ಯಾಕಂದ್ರೆ ಮೇಲ್ಮನವಿಗೆ ಹೋದಾಗ ಅಲ್ಲಿ ಅಜ್ಜಿ ಹೋಗುವುದಿಲ್ಲ, ಕಾಗದ ಹೋಗುತ್ತೆ. ಜಿಲ್ಲಾ ಕೋರ್ಟು, ಹೈಕೋರ್ಟು, ದೆಹಲಿ, ಎಲ್ಲರೂ ಓದುವುದು ತಾಲ್ಲೂಕಿನ ನ್ಯಾಯಾಧೀಶ ಬರೆಸಿದ ಅದೇ ಹಾಳೆಯನ್ನು. ಸಾಕ್ಷಿಯ ಮುಖ ನೋಡುವವರು, ಅವರು ಎಲ್ಲಿ ತಡವರಿಸಿದರು, ಎಲ್ಲಿ ಕಣ್ಣೀರು ಹಾಕಿದರು ಅಂತ ಕಾಣುವವರು ಇಡೀ ವ್ಯವಸ್ಥೆಯಲ್ಲಿ ವಿಚಾರಣಾ ನ್ಯಾಯಾಧೀಶರೊಬ್ಬರೇ. ಈ ಕೆಲಸದ ಬಗ್ಗೆ ನನಗೆ ಇಂದಿಗೂ ಇರುವ ಗೌರವಕ್ಕೆ ಕಾರಣ ಇದು. ಮೇಲಿನ ಹುದ್ದೆಗಳ ಬಗ್ಗೆ ನೀವು ಕೇಳಿದ್ದೀರಿ, ಹೇಳುತ್ತೇನೆ. ಆದರೆ ಆ ಅಜ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ, ಅದಕ್ಕೆ ಮಾಹಿತಿ ಎಲ್ಲೆಡೆ ಸಿಗುತ್ತೆ. ನೇಮಕಾತಿ ನಡೆಸುವುದು ಕರ್ನಾಟಕ ಹೈಕೋರ್ಟ್. ಮೊದಲು 100 ಅಂಕದ ಪೂರ್ವಭಾವಿ ಪರೀಕ್ಷೆ, ಅದು ಸೋಸುವುದಕ್ಕೆ ಮಾತ್ರ. ಮುಖ್ಯ ಪರೀಕ್ಷೆಯಲ್ಲಿ ನಾಲ್ಕು ಪತ್ರಿಕೆ, ತಲಾ 100 ಅಂಕ. ಮೂರು ಕಾನೂನಿನದು, ಒಂದು ಅನುವಾದದ್ದು. ಆಮೇಲೆ ಸಂದರ್ಶನ. ಸಾಮಾನ್ಯ ವರ್ಗಕ್ಕೆ ವಯೋಮಿತಿ 35, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ನಿಮಗೆ ವಯಸ್ಸಿನ ಚಿಂತೆಯೇ ಇಲ್ಲ. ಅನುವಾದ ಪತ್ರಿಕೆಯನ್ನು ಹಗುರವಾಗಿ ನೋಡಬೇಡಿ. ಸಾಕ್ಷಿ ಹೇಳಿಕೆ, ದಾಖಲೆ, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಬೇಕು. ಪಹಣಿ, ಮೋಜಣಿ, ಹದ್ದುಬಸ್ತು, ಭೋಗ್ಯ, ಕ್ರಯಪತ್ರ, ಹಕ್ಕುಬಿಡುಗಡೆ ಪತ್ರ ಇವೆಲ್ಲ ನಿಮ್ಮ ಅಪ್ಪನಿಗೆ ಬಾಯಿಪಾಠ ಇರುತ್ತೆ. ಸಂಜೆ ಅವರ ಹತ್ತಿರ ಕೂತು ಮನೆಯ ಹಳೆಯ ಕಾಗದಪತ್ರ ಬಿಚ್ಚಿ ಓದಿ. ಅದಕ್ಕಿಂತ ಒಳ್ಳೆಯ ಕೋಚಿಂಗ್ ನನಗೆ ಗೊತ್ತಿಲ್ಲ. ಇನ್ನೊಂದು: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದಿವೆ. ಆದರೆ ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ನಿಮ್ಮ ತಲೆಮಾರಿನವರು ಬಹಳ ವರ್ಷ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಕೆಲಸ ಮಾಡಬೇಕು.

ಆಯ್ಕೆಯಾದರೆ ಬೆಂಗಳೂರಿನ ಕ್ರೆಸೆಂಟ್ ರಸ್ತೆಯ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ. ಸ್ವತಂತ್ರವಾಗಿ ಕೋರ್ಟ್ ನಡೆಸುವ ಮೊದಲು ಕನಿಷ್ಠ ಒಂದು ವರ್ಷ ತರಬೇತಿ ಆಗಬೇಕು ಎಂದು 2025ರ ತೀರ್ಪಿನಲ್ಲೂ ಇದೆ. ಆಮೇಲೆ ಮೊದಲ ಪೋಸ್ಟಿಂಗ್. ಹೆಚ್ಚಾಗಿ ಒಂದು ತಾಲ್ಲೂಕು. ಬಾಗಿಲ ಮೇಲಿನ ಬೋರ್ಡಿನಲ್ಲಿ ನಿಮಗೆ ಎರಡು ಹೆಸರು ಇರುತ್ತೆ: ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್). ಅಂದರೆ ಬೆಳಗ್ಗೆ ಜಮೀನಿನ ತಡೆಯಾಜ್ಞೆ ಕೇಳುವವರೂ ನೀವೇ, ಮಧ್ಯಾಹ್ನ ಚೆಕ್ ಬೌನ್ಸ್, ಹೊಡೆದಾಟ, ಜೀವನಾಂಶದ ಕೇಸು ನೋಡುವವರೂ ನೀವೇ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಆಗಿ ಮೂರು ವರ್ಷದ ತನಕ ಜೈಲು ಶಿಕ್ಷೆ ಕೊಡಬಹುದು. ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯ ಶಿಕ್ಷೆಯನ್ನೂ ಸೇರಿಸಿದ್ದಾರೆ.

ಮೊದಲ ದಿನ 11 ಗಂಟೆಗೆ ಪೀಠ ಹತ್ತಿದಾಗ ನನ್ನ ಎದುರಿನ ಪಟ್ಟಿಯಲ್ಲಿ 80ಕ್ಕೂ ಜಾಸ್ತಿ ಕೇಸಿದ್ದವು. ಬೆಂಚ್ ಕ್ಲರ್ಕ್ ಒಂದೊಂದೇ ಕಡತ ಮುಂದಿಡುತ್ತಿದ್ದರು. ಮೊದಲ ಒಂದು ವಾರ ನನ್ನನ್ನು ಕಾಪಾಡಿದ್ದು ಅವರೇ. ಶಿರಸ್ತೇದಾರರು, ಬೆಂಚ್ ಕ್ಲರ್ಕ್, ಸಮನ್ಸ್ ಹಿಡಿದು ಊರೂರು ತಿರುಗುವ ಅಮೀನರು, ಇವರಿಂದ ಕಲಿಯುವುದು ಬೇಕಾದಷ್ಟಿದೆ. ಅವರನ್ನು ಗೌರವದಿಂದ ಕಂಡರೆ ಕೋರ್ಟು ನಡೆಯುತ್ತೆ.

ಆದರೆ ಈ ಕೆಲಸದ ಭಾರ ನನಗೆ ಗೊತ್ತಾದದ್ದು ಕೋರ್ಟ್ ಹಾಲಿನಲ್ಲಿ ಅಲ್ಲ, ಮನೆಯ ಜಗುಲಿಯಲ್ಲಿ. ಒಂದು ಭಾನುವಾರ ರಾತ್ರಿ ಒಂಬತ್ತೂವರೆ. ಪೊಲೀಸರು ಒಬ್ಬ ಹುಡುಗನನ್ನು ರಿಮ್ಯಾಂಡಿಗೆ, ಅಂದರೆ ಕಸ್ಟಡಿಯ ಆದೇಶ ಕೇಳಲು, ಕರೆತಂದರು. ಪಂಪ್‌ಸೆಟ್ಟಿನ ಕೇಬಲ್ ಕಳವು. ವಯಸ್ಸು 19 ಅಂತ ಬರೆದಿತ್ತು. ಬಂಧಿಸಿದ್ದು ಅದೇ ದಿನ ಸಂಜೆ ಅಂತಲೂ ಬರೆದಿತ್ತು. ಪೊಲೀಸರನ್ನು ಗೇಟಿನ ಹತ್ತಿರ ನಿಲ್ಲಲು ಹೇಳಿ ಹುಡುಗನನ್ನು ಕೇಳಿದೆ. "ಯಾವಾಗ ಹಿಡಿದರಪ್ಪ?" "ಸಂತೆ ದಿನ ಸ್ವಾಮಿ." ಆ ಊರಿನ ಸಂತೆ ಶುಕ್ರವಾರ. ಅಂಗಿ ಎತ್ತು ಅಂದೆ. ಬೆನ್ನ ಮೇಲೆ ಬಾಸುಂಡೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಅನ್ನೋದು ಸಂವಿಧಾನದ 22ನೇ ವಿಧಿ. ಪರೀಕ್ಷೆಗೆ ಅದನ್ನು ನಾನು ಹತ್ತು ಸಲ ಓದಿದ್ದೆ. ಅವತ್ತು ಅದು ಒಬ್ಬ ಹುಡುಗನ ಬೆನ್ನಾಗಿ ಎದುರು ನಿಂತಿತ್ತು. ಅವನು ಹೇಳಿದ್ದನ್ನೆಲ್ಲ ಆದೇಶದ ಹಾಳೆಯಲ್ಲಿ ನನ್ನ ಕೈಯಲ್ಲೇ ಬರೆದೆ. ವೈದ್ಯಕೀಯ ತಪಾಸಣೆಗೆ ಆದೇಶ ಮಾಡಿದೆ. ಠಾಣೆಯಿಂದ ವಿವರಣೆ ಕೇಳಿದೆ. ಉಚಿತ ಕಾನೂನು ನೆರವಿನ ವಕೀಲರನ್ನು ಗೊತ್ತು ಮಾಡಿಸಿದೆ. ಮೂರು ದಿನ ಆದ ಮೇಲೆ ಅವನಿಗೆ ಜಾಮೀನು ಸಿಕ್ಕಿತು.

ಹೊಸ ಕಾನೂನಿನಲ್ಲಿ ಪೊಲೀಸ್ ಕಸ್ಟಡಿಯ 15 ದಿನವನ್ನು ಮೊದಲ 40 ಅಥವಾ 60 ದಿನದೊಳಗೆ ಬಿಡಿಬಿಡಿಯಾಗಿ ಕೇಳಲು ಅವಕಾಶ ಇದೆ. ಹಾಗಾಗಿ ರಿಮ್ಯಾಂಡ್ ಅರ್ಜಿ ಬಂದಾಗಲೆಲ್ಲ "ಯಾಕೆ ಬೇಕು?" ಅಂತ ಕೇಳುವ ಹೊಣೆ ನಿಮ್ಮ ಕಾಲದ ಮ್ಯಾಜಿಸ್ಟ್ರೇಟರಿಗೆ ನಮಗಿಂತ ಜಾಸ್ತಿ. ಯಾರೂ ನೋಡದ ಹೊತ್ತಿನಲ್ಲಿ, ನಿದ್ದೆ ಕಣ್ಣಿನಲ್ಲಿ, ಅಚ್ಚು ಹಾಕಿದ ನಮೂನೆಗೆ ಸಹಿ ಹಾಕಿ ಕಳಿಸುವುದು ಬಹಳ ಸುಲಭ. ದಯವಿಟ್ಟು ಹಾಗೆ ಮಾಡಬೇಡಿ.

ಸರಿ, ಈಗ ಮೆಟ್ಟಿಲುಗಳು. ನಮ್ಮಲ್ಲಿ ಮೂರು ವೃಂದ: ಸಿವಿಲ್ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಧೀಶರು. ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಸಿವಿಲ್ ನ್ಯಾಯಾಧೀಶರ ಮೂಲ ವೇತನ 77,840 ರೂಪಾಯಿಯಿಂದ ಶುರು, ಹಿರಿಯ ಸಿವಿಲ್ ನ್ಯಾಯಾಧೀಶರದು 1,11,000, ಜಿಲ್ಲಾ ನ್ಯಾಯಾಧೀಶರದು 1,44,840. ತುಟ್ಟಿಭತ್ಯೆ, ಮನೆ ಬಾಡಿಗೆ ಬೇರೆ. ಮನೆಯವರಿಗೆ ಈ ಸಾಲನ್ನು ಓದಿ ಹೇಳಿ. ಮರ್ಯಾದೆಯಿಂದ, ಯಾರ ಮುಂದೆಯೂ ಕೈ ಚಾಚದೆ ಬದುಕಲು ಇದು ಸಾಕು.

ಹಿರಿಯ ಸಿವಿಲ್ ನ್ಯಾಯಾಧೀಶರಾದಾಗ ದೊಡ್ಡ ಮೊತ್ತದ ದಾವೆಗಳು, ಭೂಸ್ವಾಧೀನ, ಅಪಘಾತ ಪರಿಹಾರದ ಕೇಸುಗಳು ಬರುತ್ತವೆ. ಕೆಳಗಿನ ಸಿವಿಲ್ ಕೋರ್ಟಿನ ಮೇಲ್ಮನವಿಗಳೂ ನಿಮ್ಮ ಹತ್ತಿರವೇ. ಇದೇ ಹಂತದಲ್ಲಿ ಕೆಲವರು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ಆಗುತ್ತಾರೆ, ಕೆಲವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿ ಆಗುತ್ತಾರೆ. ಜೈಲಿಗೆ ಭೇಟಿ, ಲೋಕ ಅದಾಲತ್, ಹಳ್ಳಿಗಳಲ್ಲಿ ಕಾನೂನು ಅರಿವು, ಎಲ್ಲಾ ಇರುತ್ತೆ. ನನಗೆ ತುಂಬಾ ಇಷ್ಟವಾದ ಎರಡು ವರ್ಷ ಅದೇ. ದಂಡದ ಹಣ ಕಟ್ಟಲಾಗದೆ ಜೈಲಿನಲ್ಲೇ ಉಳಿದವರನ್ನು ಹುಡುಕಿ ಹೊರಗೆ ತರುವ ಕೆಲಸದಲ್ಲಿ ಸಿಗುವ ಸಮಾಧಾನ ತೀರ್ಪು ಬರೆಯುವುದರಲ್ಲೂ ಸಿಗುವುದಿಲ್ಲ.

ಜಿಲ್ಲಾ ನ್ಯಾಯಾಧೀಶರಾಗಲು ಮೂರು ದಾರಿ ಇದೆ. 2025ರ ಮೇ ತೀರ್ಪಿನ ಪ್ರಕಾರ ಹುದ್ದೆಗಳಲ್ಲಿ ಶೇ 50 ಸೇವಾ ಹಿರಿತನ ಮತ್ತು ಅರ್ಹತೆ ನೋಡಿ ಕೊಡುವ ಬಡ್ತಿಗೆ. ಶೇ 25 ಒಳಗಿನವರೇ ಬರೆಯುವ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಗೆ. ಇದು ಮೊದಲು ಶೇ 10ಕ್ಕೆ ಇಳಿದಿತ್ತು, ಈಗ ಹೆಚ್ಚಿಸಿದ್ದಾರೆ. ಹಿರಿಯ ಸಿವಿಲ್ ನ್ಯಾಯಾಧೀಶರಾಗಿ ಮೂರು ವರ್ಷ, ಒಟ್ಟು ಸೇವೆ ಏಳು ವರ್ಷ ಆಗಿದ್ದರೆ ಅದನ್ನು ಬರೆಯಬಹುದು. ಉಳಿದ ಶೇ 25 ನೇರ ನೇಮಕಾತಿ. ಇಲ್ಲಿಯವರೆಗೆ ಈ ನೇರ ನೇಮಕಾತಿ ಏಳು ವರ್ಷ ವಕೀಲಿಕೆ ಮಾಡಿದವರಿಗೆ ಮಾತ್ರ ಇತ್ತು. ಸೇವೆಗೆ ಸೇರಿದ ನಮ್ಮಂಥವರಿಗೆ ಆ ಬಾಗಿಲು ಮುಚ್ಚಿತ್ತು. 2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಅದನ್ನು ತೆರೆಯಿತು. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷ ಆಗಿದ್ದರೆ ಸಾಕು, ವಯಸ್ಸು 35 ಆಗಿರಬೇಕು.

ನಿಮ್ಮ ಲೆಕ್ಕಕ್ಕೆ ಇದನ್ನು ಹಾಕಿ ನೋಡೋಣ. ಬೇಗ ನೋಂದಣಿ ಮಾಡಿಸಿದರೆ 27ಕ್ಕೆ ಮೂರು ವರ್ಷ ಮುಗಿಯುತ್ತೆ. ಒಂದೆರಡು ಪ್ರಯತ್ನದಲ್ಲಿ ಆಯ್ಕೆಯಾದರೆ 29ಕ್ಕೆ ಸಿವಿಲ್ ನ್ಯಾಯಾಧೀಶೆ. ನೀವು ಹಾಳಾಗುತ್ತೆ ಅಂದುಕೊಂಡ ಆ ಮೂರು ವರ್ಷವೂ ಏಳು ವರ್ಷದ ಲೆಕ್ಕಕ್ಕೆ ಸೇರುತ್ತೆ! 35ಕ್ಕೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಜಿ ಹಾಕಬಹುದು. ನಮ್ಮ ನಿವೃತ್ತಿ 60ಕ್ಕೆ. ಬಡ್ತಿಯನ್ನೇ ಕಾದು ಕೂತ ನನ್ನ ವಾರಗೆಯವರು ಜಿಲ್ಲಾ ನ್ಯಾಯಾಧೀಶರಾಗುವ ಹೊತ್ತಿಗೆ ಐವತ್ತರ ಹತ್ತಿರ ಇದ್ದರು. ಈ ವ್ಯತ್ಯಾಸ ದೊಡ್ಡದು. ಹೈಕೋರ್ಟಿಗೆ ಹೋಗುವುದು ಬಹುಮಟ್ಟಿಗೆ ಹಿರಿತನದ ಮೇಲೆ. ಸಂವಿಧಾನದ 217ನೇ ವಿಧಿಯಂತೆ ಹತ್ತು ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರನ್ನು ಹೈಕೋರ್ಟಿಗೆ ನೇಮಿಸಬಹುದು. ಹೈಕೋರ್ಟ್ ಹುದ್ದೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಜಿಲ್ಲಾ ನ್ಯಾಯಾಂಗದವರಿಗೆ ಅನ್ನೋದು ರೂಢಿ. ತಡವಾಗಿ ಜಿಲ್ಲಾ ನ್ಯಾಯಾಧೀಶರಾದವರಿಗೆ ಸರದಿ ಬರುವಷ್ಟರಲ್ಲಿ ನಿವೃತ್ತಿ ಬಂದಿರುತ್ತೆ. ನನಗೂ ಹಾಗೇ ಆಯಿತು. ಬೇಜಾರಿಲ್ಲ.

ಎಲ್ಲಿಯವರೆಗೆ ಹೋಗಬಹುದು ಅಂತ ಕೇಳಿದಿರಲ್ಲ, ಒಬ್ಬರ ಹೆಸರು ಹೇಳುತ್ತೇನೆ. ಕೇರಳದ ಎಂ. ಫಾತಿಮಾ ಬೀವಿ. 1958ರಲ್ಲಿ ಮುನ್ಸಿಫ್ ಆಗಿ ಸೇರಿದರು. 1974ರಲ್ಲಿ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶೆ. 1983ರಲ್ಲಿ ಕೇರಳ ಹೈಕೋರ್ಟ್. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ನೀವು ಹತ್ತಲು ಹೊರಟಿರುವ ಮೊದಲ ಮೆಟ್ಟಿಲಿನಿಂದಲೇ ಅವರೂ ಶುರು ಮಾಡಿದ್ದು. ಹೀಗೆ ಹೋದವರು ಕಡಿಮೆ, ಆದರೆ ದಾರಿ ಇದೆ.

ಬದುಕು ಹೇಗಿರುತ್ತೆ? ಒಂಟಿತನ ಇರುತ್ತೆ, ಇದನ್ನು ಮೊದಲೇ ತಿಳಿದುಕೊಳ್ಳಿ. ಮೂರು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ವರ್ಗಾವಣೆ. ಸ್ವಂತ ಜಿಲ್ಲೆ ಸಾಮಾನ್ಯವಾಗಿ ಸಿಗುವುದಿಲ್ಲ. ನನ್ನ ಮಗಳು ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಐದು ಶಾಲೆ ಕಂಡಳು. ಊರಿನ ಮದುವೆ, ಮುಂಜಿ, ಸನ್ಮಾನ ಯಾವುದಕ್ಕೂ ಹೋಗುವ ಹಾಗಿಲ್ಲ. ಒಂದು ಊರಿನಲ್ಲಿ ಸಂತೆಗೆ ನಾನೇ ಚೀಲ ಹಿಡಿದು ಹೋಗುತ್ತಿದ್ದೆ. ಬದನೆಕಾಯಿ ಮಾರುವವರೊಬ್ಬರು ತೂಗಿ ಕೊಟ್ಟು "ದುಡ್ಡು ಬ್ಯಾಡ ಬಿಡಿ ಬುದ್ಧಿ" ಅಂದರು. ಅವರ ಮುಖ ಎಲ್ಲೋ ನೋಡಿದ ಹಾಗಿತ್ತು. ಆಮೇಲೆ ಹೊಳೆಯಿತು, ಅವರ ದಾವೆ ನನ್ನ ಕೋರ್ಟಿನಲ್ಲೇ ಇತ್ತು. ಬದನೆಕಾಯಿ ಅಲ್ಲೇ ಬಿಟ್ಟು ಬಂದೆ. ಅವರು ಬರೀ ಪ್ರೀತಿಯಿಂದ ಕೊಟ್ಟಿರಬಹುದು. ಆದರೆ ಎದುರು ಪಕ್ಷದವರು ಅದನ್ನು ನೋಡಿದ್ದರೆ ಏನಂದುಕೊಳ್ಳುತ್ತಿದ್ದರು? ಅವತ್ತಿನಿಂದ ಸಂತೆಗೆ ಹೋಗುವುದನ್ನು ಬಿಟ್ಟೆ. ಅದೊಂದು ಬಿಟ್ಟಿದ್ದು ಮಾತ್ರ ನನಗೆ ನಿಜವಾಗಿ ನೋವಾಯಿತು.

ಮೂಗರ್ಜಿಗಳು ಬರುತ್ತವೆ. ಸೋತವರು ಬರೆಯುತ್ತಾರೆ, ಕೆಲವು ಸಲ ಕೇಸು ಎಳೆಯಲು ಬಿಡದಿದ್ದಕ್ಕೆ ಸಿಟ್ಟಾದವರೂ ಬರೆಯುತ್ತಾರೆ. ಹೈಕೋರ್ಟಿನಿಂದ ವಿವರಣೆ ಕೇಳಿ ಪತ್ರ ಬಂದರೆ ಎರಡು ರಾತ್ರಿ ನಿದ್ದೆ ಬರುವುದಿಲ್ಲ. ಆದೇಶದ ಹಾಳೆಯಲ್ಲಿ ಪ್ರತಿದಿನ ಕಾರಣ ಸಮೇತ ಬರೆದಿಟ್ಟಿದ್ದರೆ ಅದೇ ನಿಮ್ಮನ್ನು ಕಾಯುತ್ತೆ. ತಿಂಗಳಿಗೆ ಎಷ್ಟು ಕೇಸು ಮುಗಿಸಿದಿರಿ ಎಂಬ ಯೂನಿಟ್ ಲೆಕ್ಕವೂ ಇದೆ. ಆ ಲೆಕ್ಕ ತುಂಬಿಸಲು ಸುಲಭದ ಕೇಸುಗಳನ್ನೇ ಆರಿಸಿ, ಹತ್ತು ವರ್ಷದ ಹಳೆಯ ವಿಭಾಗದ ದಾವೆಯನ್ನು ಕೆಳಗೆ ತಳ್ಳುವ ಆಸೆ ಬರುತ್ತೆ. ನನಗೂ ಬಂದಿದೆ. ಅದನ್ನು ತಡೆಯಲು ನಾನು ಮಾಡಿದ್ದು ಇಷ್ಟೇ: ದಿನಕ್ಕೊಂದು ಹಳೆಯ ಕಡತವನ್ನು ಮೇಜಿನ ಎಡಗಡೆ ಇಟ್ಟುಕೊಂಡು, ಅದರಲ್ಲಿ ಒಬ್ಬ ಸಾಕ್ಷಿಯದಾದರೂ ಮುಗಿಸದೆ ಏಳುತ್ತಿರಲಿಲ್ಲ.

ನಿಮ್ಮ ತೀರ್ಪುಗಳು ಮೇಲೆ ಹೋಗಿ ರದ್ದಾಗುತ್ತವೆ. ಒಂದು ಕೊಲೆ ಕೇಸಿನಲ್ಲಿ ರಕ್ತದ ಕಲೆಯ ಅಂಗಿ ಸಿಕ್ಕಿದ್ದರ ಬಗ್ಗೆ ಆರೋಪಿಗೆ ಪ್ರಶ್ನೆ ಹಾಕಿ ವಿವರಣೆ ಪಡೆಯುವುದನ್ನು ನಾನು ಬಿಟ್ಟುಬಿಟ್ಟಿದ್ದೆ. ತೀರ್ಪಿನಲ್ಲಿ ಆ ಅಂಗಿಯ ಮೇಲೇ ನಿಂತಿದ್ದೆ. ಕೇಸು ವಾಪಸ್ ಬಂತು. ತಪ್ಪು ಪೂರ್ತಿ ನನ್ನದೇ. ಆಮೇಲೆ ಸಾಕ್ಷ್ಯ ಮುಗಿದ ದಿನ ಪ್ರತಿ ಸಾಕ್ಷಿಯ ಹೇಳಿಕೆ ಪಕ್ಕದಲ್ಲಿಟ್ಟುಕೊಂಡೇ ಆರೋಪಿಯ ಪ್ರಶ್ನೆಗಳನ್ನು ಬರೆಯುವ ಅಭ್ಯಾಸ ಮಾಡಿಕೊಂಡೆ. ಎಲ್ಲ ಸಲವೂ ಕೆಳಗಿನವರದೇ ತಪ್ಪು ಅಂತಲೂ ಅಲ್ಲ. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಅವರು ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ 4 ವರ್ಷ ಜೈಲು, 100 ಕೋಟಿ ದಂಡ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಅವರು. 2015ರ ಮೇ ತಿಂಗಳಲ್ಲಿ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಅವರ ಜೊತೆ ಆರೋಪಿಗಳಾಗಿದ್ದ ಉಳಿದ ಮೂವರು ಜೈಲಿಗೆ ಹೋದರು. ನಡುವಿನ ಆ ಎರಡು ವರ್ಷ ವಿಚಾರಣಾ ನ್ಯಾಯಾಧೀಶರು ಯಾರಿಗೂ ಏನೂ ಹೇಳುವ ಹಾಗಿರುವುದಿಲ್ಲ. ಹೇಳಬೇಕಾದ್ದೆಲ್ಲ ತೀರ್ಪಿನಲ್ಲೇ ಇರಬೇಕು.

ಬ್ಯಾಂಕ್ ಪರೀಕ್ಷೆ ಬರೆಯಬೇಕಾ ಅಂತ ಕೇಳಿದರೆ, ಅದೂ ಒಳ್ಳೆಯ ಕೆಲಸವೇ. ಆದರೆ ವಕೀಲಿಕೆ ಮಾಡುತ್ತಾ ಪೂರ್ಣಾವಧಿ ಬ್ಯಾಂಕ್ ಕೆಲಸವನ್ನೂ ಮಾಡುವ ಹಾಗಿಲ್ಲ, ಸನದು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿಡಬೇಕಾಗುತ್ತೆ, ವರ್ಷಗಳ ಲೆಕ್ಕ ನಿಂತುಹೋಗುತ್ತೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆರಿಸುವ ಮೊದಲು ಒಂದು ಕೆಲಸ ಮಾಡಿ. ರಜೆ ಸಿಕ್ಕ ಒಂದು ವಾರ ನಿಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ. ಕೋರ್ಟ್ ಎಲ್ಲರಿಗೂ ತೆರೆದೇ ಇರುತ್ತೆ, ಯಾರನ್ನೂ ಕೇಳಬೇಕಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಪಾಟೀಸವಾಲು ನಡೆಯುವಾಗ ಸಾಕ್ಷಿ ಹೇಳಿದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ನ್ಯಾಯಾಧೀಶರು ಸ್ಟೆನೋಗೆ ಹೇಳಿ ಬರೆಸಿದ್ದನ್ನು ಪಕ್ಕದಲ್ಲಿ ಬರೆಯಿರಿ. ಸಾಧ್ಯವಾದರೆ ಅಪ್ಪನನ್ನೂ ಒಂದು ದಿನ ಕರೆದುಕೊಂಡು ಹೋಗಿ. ಸಂಜೆ ಮನೆಗೆ ಬಂದು ಆ ಎರಡೂ ಪುಟಗಳನ್ನು ಅವರಿಗೆ ಓದಿ ಹೇಳಿ, ಎಲ್ಲಿ ಬೇರೆ ಆಗಿದೆ ಅಂತ ಇಬ್ಬರೂ ಸೇರಿ ಹುಡುಕಿ. ಆಮೇಲೆ ನನಗೆ ಇನ್ನೊಮ್ಮೆ ಬರೆಯಿರಿ.